ಕರೆವ್ವನ ಎತ್ತು, ಹೊಳಬಸಪ್ಪನ ಬಂದೂಕು

ಚಿಕ್ಕೇರೂರಿನ ಹೊಳಬಸಪ್ಪನ ಹತ್ತಿರ ಬೆಳೆ ಕಾಯುವ ಬಂದೂಕಿತ್ತು, ಅದಕ್ಕೆ ಲೈಸೆನ್ಸೂ ಇತ್ತು. ಇಪ್ಪತ್ತು ವರ್ಷ ಅದನ್ನು ಬೇರೆಯವರ ಕೈಗೆ ಕೊಟ್ಟವನಲ್ಲ. ಚುನಾವಣೆ ಬಂತೆಂದರೆ ಎಲ್ಲರಿಗಿಂತ ಮೊದಲು ಠಾಣೆಗೆ ಒಯ್ದು ಇಟ್ಟು ಬರುವವ. ಅಂಥವನು ಹೋದ ತಿಂಗಳು ಗೋವಿನಜೋಳ ಅಲುಗಾಡಿದ್ದು ಕಂಡು, ಹಂದಿಯೆಂದು ತಿಳಿದು, ಸರಿಯಾಗಿ ನೋಡದೆ ಈಡು ಹಾರಿಸಿಬಿಟ್ಟ. ಕುಂಟುತ್ತ ಹೊರಬಂದದ್ದು ನೆರೆಮನೆಯ ಕರೆವ್ವನ ಎತ್ತು. ಸಂತೆಯಿಂದ ಬಂದ ಆಕೆಯ ಮುಂದೆ ಅವನು ಬಾಯಿ ಬಿಡಲಿಲ್ಲ. ಎತ್ತಿನ ಕಾಲಿಗೆ ಮುಳ್ಳು ಚುಚ್ಚಿತೆಂದು ಆಕೆ ದಿನಾ ಹುಡುಕಿ ಅರಿಸಿನ ಹಚ್ಚುವಳು. ಇವನು ತನ್ನ ಬಾಗಿಲಲ್ಲಿ ನಿಂತು ಅದನ್ನು ನೋಡುವನು.

ಲೈಸೆನ್ಸ್ ಮುಂದುವರಿಸುವ ಮೊದಲು ಓಣಿಯವರನ್ನು ವಿಚಾರಿಸಲು ಹವಾಲ್ದಾರ ಬಂದ. ಕರೆವ್ವನ ಕಟ್ಟೆಯ ಮೇಲೆಯೇ ಕುಂತ; ಹೊಳಬಸಪ್ಪ ಲೈಸೆನ್ಸ್ ಪುಸ್ತಕ ಹಿಡಿದು ಪಕ್ಕದಲ್ಲೇ ನಿಂತಿದ್ದ.

“ಮನಿಷ್ಯಾ ಹೆಂಗದಾನಬೇ?”

“ಅಂವ ಇರುವಿ ತುಳಿಯಾಕೂ ಅಂಜತಾನ್ರಿ! ಬಂದೂಕು ಹಿಡಕೊಂಡು ಹೊಂಟ್ರ ಹಂದಿ ಸೈತ ನಗತಾವು,” ಎಂದು ಕರೆವ್ವ ಹವಾಲ್ದಾರ ಬರೆದುಕೊಂಡ ಹೇಳಿಕೆಗೆ ಹೆಬ್ಬೆಟ್ಟು ಒತ್ತಲು ಕೈ ಚಾಚಿದಳು.

ಹೊಳಬಸಪ್ಪನಿಗೆ ತಡೆಯಲಾಗಲಿಲ್ಲ. “ಒತ್ತಬ್ಯಾಡ ಯಕ್ಕಾ. ನಿನ್ನ ಎತ್ತಿಗೆ ಚುಚ್ಚಿದ್ದು ಮುಳ್ಳಲ್ಲ, ನನ್ನ ಬಂದೂಕಿನ ಈಡು. ಬರಕೋರಿ ಸಾಹೇಬ್ರ.”

ಕರೆವ್ವ ಕೈ ಹಿಂದಕ್ಕೆಳೆದುಕೊಂಡಳು. “ತಿಂಗಳಾತಲ್ಲೋ ತಮ್ಮಾ! ದಿನಾ ನಿನ್ನ ಕಣ್ಣ ಮುಂದ ಮುಳ್ಳು ಹುಡುಕಿದ್ನಲ್ಲೋ.”

ಹೊಳಬಸಪ್ಪ ಲೈಸೆನ್ಸ್ ಪುಸ್ತಕವನ್ನು ತಾನೇ ಹವಾಲ್ದಾರನ ಕೈಗಿಟ್ಟ.