ಹಪ್ಪಳದ ಬೆನ್ನಿನ ಚಾಪೆಗೆರೆ

ಮೂರು ವರ್ಷದ ಹಿಂದಿನ ಮೇ ತಿಂಗಳು. ಆಗಲೂ ಈಗಿನಂತೆ ಬೈಂದೂರಿನಲ್ಲಿ ನನ್ನದೊಂದು ಸಣ್ಣ ಪ್ಯಾಕಿಂಗ್ ಶೆಡ್. ಕಿರಿಮಂಜೇಶ್ವರದ ಹದಿನಾಲ್ಕು ಮನೆಯ ಹೆಂಗಸರು ಮಾಡುವ ಹಲಸಿನ ಹಪ್ಪಳವನ್ನು ಪ್ಯಾಕೆಟ್ಟಿಗೆ ತುಂಬಿ, ಲೇಬಲ್ ಅಂಟಿಸಿ, ಬ್ರಹ್ಮಾವರದವರೆಗಿನ ಅಂಗಡಿಗಳಿಗೆ ಕೊಡುವುದು ನನ್ನ ಕೆಲಸ. ಹಪ್ಪಳದ ಕಟ್ಟು ಹೊತ್ತು ಬಸ್ಸು ಹತ್ತಿ ಇಳಿದು ಕಲಿತ ವ್ಯಾಪಾರ. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರು ಕಡಿಮೆ.

ಲೇಬಲ್ಲಿನಲ್ಲಿ ಎರಡು ಸಂಗತಿ ಮುಖ್ಯ. ಒಂದು ಹಸಿರು ಚುಕ್ಕೆ, ಅಂದರೆ ಒಳಗಿರುವುದು ಸಸ್ಯಾಹಾರ. ಇನ್ನೊಂದು ಬ್ಯಾಚ್ ನಂಬರ್, ಅಂದರೆ ಮಾಲು ಯಾರ ಕೈಯಿಂದ ಬಂತೆಂದು ಹಿಂದಕ್ಕೆ ಹುಡುಕಿಕೊಂಡು ಹೋಗುವ ದಾರಿ. ಒಂದು ಪ್ಯಾಕೆಟ್ಟಿಗೆ ಒಂದೇ ಮನೆಯ ಹಪ್ಪಳ ತುಂಬುತ್ತಿದ್ದೆವು. ಹಾಗಾಗಿ ಮನೆಗೊಂದು ನಂಬರ್ ಹಾಕಿಸಬೇಕಿತ್ತು. ಎಲ್ಲಕ್ಕೂ ಒಂದೇ ನಂಬರಾದರೆ ಅಗ್ಗ ಎಂದು ಲೇಬಲ್ ಮುದ್ರಿಸುವ ಪ್ರೆಸ್ಸಿನವನು ಹೇಳಿದ. ನಾನು ದರ ಇನ್ನಷ್ಟು ಇಳಿಸಿ ಒಪ್ಪಿಕೊಂಡೆ. ತಪ್ಪು ಅಲ್ಲಿ ಆಯಿತು.

ಸಾಲಿಗ್ರಾಮದ ಅಂಗಡಿಯ ಭಟ್ಟರು ಫೋನ್ ಮಾಡಿ ಕರೆಸಿಕೊಂಡರು. ಗಿರಾಕಿಯೊಬ್ಬರು ಹಿಂದಿರುಗಿಸಿದ್ದ ಒಡೆದ ಪ್ಯಾಕೆಟ್ಟನ್ನು ನನ್ನ ಮೂಗಿಗೆ ಹಿಡಿದರು. "ಮೂಸಿ ಕಾಣಿ ಸುಮಕ್ಕ. ಎಣ್ಣಿಗೆ ಹಾಕದ್ದೇ ತಡ, ಮನೆ ಇಡೀ ಚಟ್ಲಿ ಪರಿಮಳ ಅಂಬ್ರ್. ಬಾಣಲೆ ಸಮೇತ ಹೊರಗಿಟ್ಟಿದ್ರ್."

ಚಟ್ಲಿ ಎಂದರೆ ಸಿಗಡಿ. ವಾಸನೆ ನಿಜವಾಗಿತ್ತು. ಮಡಿಯ ಮಾತು ಒಂದು ಕಡೆ. ಸಿಗಡಿ ಆಗದ ಮೈಯವರು ತಿಂದಿದ್ದರೆ ಆಸ್ಪತ್ರೆ ಸೇರಬೇಕಿತ್ತು. ಭಟ್ಟರು ಮೂರು ದಿನ ಕೊಟ್ಟರು: ಯಾವುದು ಸರಿ, ಯಾವುದು ಅಲ್ಲ ಎಂದು ವಿಂಗಡಿಸಬೇಕು, ಇಲ್ಲವೇ ಎಲ್ಲವನ್ನೂ ಹಿಂದಕ್ಕೆ ಒಯ್ಯಬೇಕು. ನಂಬರ್ ಒಂದೇ ಆದ್ದರಿಂದ ಬೇರೆ ಅಂಗಡಿಗಳ ಮಾಲಿನ ಮೇಲೂ ಅನುಮಾನ, ಎಲ್ಲ ಸೇರಿ ಆರುನೂರು ಪ್ಯಾಕೆಟ್. ದೋಣಿಗಳು ದಡದಲ್ಲೇ ಉಳಿಯುವ ಮಳೆಗಾಲಕ್ಕೆ ಆ ಮನೆಗಳ ಅಕ್ಕಿ ಬರುವುದು ಅದರಿಂದಲೇ.

ಮಾರನೆಯ ಬೆಳಿಗ್ಗೆ ಕಿರಿಮಂಜೇಶ್ವರಕ್ಕೆ ಹೋದೆ. ಹಿರಿಯಳಾದ ಪದ್ದಕ್ಕನ ಅಂಗಳದಲ್ಲಿ ಎಲ್ಲರೂ ಸೇರಿದ್ದರು.

"ಹ್ವಾಯ್ ಸುಮಕ್ಕ, ಎಂತ ಮುಖ ಸಣ್ಣ ಮಾಡ್ಕಂಡ್ ಬಂದದ್?" ಎಂದಳು ಪದ್ದಕ್ಕ.

ವಿಷಯ ಹೇಳಿದೆ. ಎಲ್ಲರ ಕಣ್ಣು ಕಾವೇರಿಯ ಕಡೆ ತಿರುಗಿತು. ಅವಳದು ಮೀನುಗಾರರ ಮನೆ, ಬೇಸಿಗೆಯಲ್ಲಿ ಸಿಗಡಿ ಒಣಗಿಸುವವಳು ಅವಳೊಬ್ಬಳೇ. ಕಾವೇರಿ ತಲೆ ಬಗ್ಗಿಸಿದಳು. ಪದ್ದಕ್ಕ ನನ್ನ ಕೈಯಿಂದ ಭಟ್ಟರು ಕೊಟ್ಟ ಪ್ಯಾಕೆಟ್ಟಿನ ಹಪ್ಪಳ ತೆಗೆದುಕೊಂಡು, ಮಗುಚಿ, ಅದರ ಬೆನ್ನ ಮೇಲೆ ಬೆರಳು ಆಡಿಸಿದಳು.

"ಅವಳನ್ನ್ ಎಂತಕ್ಕೆ ಕಾಂತ್ರಿ? ಇದ್ ನನ್ನ್ ಚಾಪಿದ್."

ಹಸಿ ಹಪ್ಪಳವನ್ನು ಒಣಗಿಸುವುದು ಕೇದಗೆ ಜಾತಿಯ ಮುಂಡಕದ ಎಲೆಯ ಚಾಪೆಯ ಮೇಲೆ. ಹೆಣೆದ ಗೆರೆ ಹಪ್ಪಳದ ಬೆನ್ನಿಗೆ ಅಚ್ಚೊತ್ತುತ್ತದೆ. ಒಬ್ಬರ ಎಲೆ ಅಗಲ, ಒಬ್ಬರದು ಸಪೂರ, ಒಬ್ಬರ ಹೆಣಿಗೆ ಬಿಗಿ, ಒಬ್ಬರದು ಓರೆ.

ನಾನು ನಂಬಲಿಲ್ಲ. ಕಾವೇರಿಯನ್ನು ಉಳಿಸಲು ಹೇಳುತ್ತಿದ್ದಾಳೆ ಎಂದುಕೊಂಡೆ. ಶೆಡ್ಡಿಗೆ ಒಯ್ಯಲು ಅಂಗಳದಲ್ಲಿ ಇಟ್ಟಿದ್ದ ಕಟ್ಟುಗಳಲ್ಲಿ ಮನೆಯವರ ಹೆಸರಿನ ಚೀಟಿ ಇತ್ತು. ಅವುಗಳಿಂದ ಒಂದೊಂದೇ ಹಪ್ಪಳ ಎಳೆದು, ಚೀಟಿ ಮರೆಮಾಡಿ ಕೊಟ್ಟೆ. ಪದ್ದಕ್ಕ ಹೇಳುತ್ತಾ ಹೋದಳು: ಗುಲಾಬಿಯದು, ಸೀತುವಿನದು, ಮತ್ತೆ ಗುಲಾಬಿಯದು. ಹನ್ನೊಂದು ಸಲ ಕೊಟ್ಟೆ, ಹನ್ನೊಂದೂ ಸರಿ. ನಾನು ಪ್ರೆಸ್ಸಿನಲ್ಲಿ ಉಳಿಸಲು ಹೋದ ನಂಬರನ್ನು ಈ ಹೆಂಗಸರ ಚಾಪೆಗಳು ಮೊದಲೇ ಒತ್ತಿಟ್ಟಿದ್ದವು.

ಆಗ ಕಾವೇರಿ ಬಾಯಿಬಿಟ್ಟಳು. ಆ ಬೇಸಿಗೆ ಹಪ್ಪಳ ಶುರುವಾಗುವ ಮೊದಲು ದಿಢೀರ್ ಮಳೆ ಬಂದಾಗ, ಒಣಗುತ್ತಿದ್ದ ಸಿಗಡಿಯನ್ನು ಒಳಗೆ ತಂದು ಹರಡಲು ಪದ್ದಕ್ಕನೇ ಚಾಪೆ ಕೊಟ್ಟಿದ್ದಳು. "ನಾನ್ ತೊಳ್ದೇ ಕೊಟ್ಟಿದ್ದೆ," ಎಂದಳು.

"ತೊಳ್ದ್ರೆ ಹೆಣಿಗಿ ಒಳ್ಗಿನ್ ವಾಸ್ನಿ ಹೋತ್ತಾ? ನಂಗೂ ಬುದ್ಧಿ ಇಲ್ಲೆ," ಎಂದಳು ಪದ್ದಕ್ಕ.

ಎರಡು ದಿನ ನನ್ನ ಓಮ್ನಿಯಲ್ಲಿ ಅವಳನ್ನು ಕೂರಿಸಿಕೊಂಡು ಕುಂದಾಪುರದಿಂದ ಬ್ರಹ್ಮಾವರದವರೆಗೆ ಅಂಗಡಿ ಅಂಗಡಿ ಹತ್ತಿದೆ. ಪಾರದರ್ಶಕ ಪ್ಯಾಕೆಟ್ಟುಗಳನ್ನು ಮಗುಚಿ ನೋಡಿ ತನ್ನದನ್ನೆಲ್ಲ ಹೊರಗಿಡುತ್ತಿದ್ದಳು. ಅವಳನ್ನು ಪರೀಕ್ಷಿಸಲು ಭಟ್ಟರು, ಅವಳು ಹೊರಗಿಟ್ಟದ್ದರಲ್ಲಿ ಒಂದನ್ನು ಗುಟ್ಟಾಗಿ ಮತ್ತೆ ರಾಶಿಗೆ ಸೇರಿಸಿದರು. ಪದ್ದಕ್ಕ ಅದನ್ನೇ ಎತ್ತಿ ಅವರ ಕೈಗೆ ಕೊಟ್ಟಳು. "ಭಟ್ರೆ, ಇದ್ ನಿಮಗೆ ಬ್ಯಾಡ." ಭಟ್ಟರು ನಕ್ಕುಬಿಟ್ಟರು. ಉಳಿದ ಮಾಲು ಅಂಗಡಿಯಲ್ಲೇ ಉಳಿಯಿತು.

ವಾಪಸ್ ಬಂದದ್ದು ನಲವತ್ತಮೂರು ಪ್ಯಾಕೆಟ್, ಪದ್ದಕ್ಕನ ಇಡೀ ಬೇಸಿಗೆಯ ದುಡಿಮೆ. ಅವಳ ಮಳೆಗಾಲ ಹೇಗೆ ಎಂಬ ಪ್ರಶ್ನೆಯನ್ನು ನಾನು ಬಾಯಿಗೆ ತರುವ ಮೊದಲೇ ಕಾವೇರಿ ತನ್ನ ಮನೆಯ ಖರ್ಚಿಗೆ ತೆಗೆದಿಟ್ಟಿದ್ದ ಹಪ್ಪಳದ ಡಬ್ಬಿ ತಂದು ಅಂಗಳದಲ್ಲಿಟ್ಟಳು. "ನಿಮ್ದ್ ನಂಗೆ ಕೊಡಿ, ಇದನ್ನ್ ನೀವ್ ಮಾರಿ. ಚಟ್ಲಿ ಪರಿಮಳ ಹಪ್ಪಳದಗೇ ಇದ್ರೆ ನಂಗೆ ಸಾರ್ ಮಾಡು ಕೆಲ್ಸ ಉಳೀತ್." ಮೀನು ತಿನ್ನುವ ಇನ್ನೂ ಐದು ಮನೆಯವರು ಡಬ್ಬಿ ತಂದರು. ಸಿಗಡಿ ಮೈಗೆ ಆಗದವರು ಮನೆಯಲ್ಲಿದ್ದಾರೆಯೇ ಎಂದು ಒಬ್ಬೊಬ್ಬರನ್ನೂ ಕೇಳಿ, ತಂದ ಹಪ್ಪಳವನ್ನು ಮೂಸಿ ನೋಡಿ, ಲೆಕ್ಕಕ್ಕೆ ಲೆಕ್ಕ ಬದಲಾಯಿಸಿದೆ. ಒಂದು ಹಪ್ಪಳವೂ ಹಾಳಾಗಲಿಲ್ಲ.

ಈಗ ಮನೆಗೊಂದು ನಂಬರ್ ಇದೆ, ಮೀನಿನ ಚಾಪೆಯ ಅಂಚಿಗೆ ಕೆಂಪು ಬಟ್ಟೆ ಹೊಲಿದಿದ್ದೇವೆ. ಹೊಸದಾಗಿ ಉಪ್ಪಿನಕಾಯಿ, ಸಂಡಿಗೆ ಶುರು ಮಾಡುವವರು ಲೇಬಲ್ ಹೇಗೆ ಮಾಡಿಸುವುದು ಎಂದು ನನ್ನನ್ನು ಕೇಳುತ್ತಾರೆ. ನಾನು ಹೇಳುವುದು ಇಷ್ಟು: ಕೆಟ್ಟ ಪ್ಯಾಕೆಟ್ ಹಿಂದಕ್ಕೆ ಬಂದ ದಿನ, ಯಾರೂ ಬೆರಳು ತೋರಿಸದಿದ್ದರೂ, "ಇದು ನನ್ನದು" ಎಂದು ಕೈಚಾಚುವವರು ನಿಮ್ಮಲ್ಲಿ ಯಾರಿದ್ದಾರೆ ನೋಡಿಕೊಳ್ಳಿ. ಅಂಥವರೊಬ್ಬರು ಇದ್ದರೆ ಪ್ರೆಸ್ಸಿಗೆ ಹೋಗಿ.