ಕಾಫಿ ಬಿಡಿಸಿದ ಬಿಳಿ ಗುಳಿಗೆ

ನನ್ನ ಮಾತು ಕೇಳಿ ನನ್ನ ಹೆಂಡತಿ ಇದುವರೆಗೆ ಏನನ್ನೂ ಬಿಟ್ಟವಳಲ್ಲ. ಉಪ್ಪಿನಕಾಯಿ ಕಡಿಮೆ ಮಾಡು ಎಂದರೆ ಇನ್ನೊಂದು ಹೋಳು ಬಡಿಸಿಕೊಳ್ಳುತ್ತಾಳೆ. ಅಂಥವಳು ಅವಳ ಅಕ್ಕನ ಗಂಡ, ಅಂದರೆ ನನ್ನ ಷಡ್ಡಕರು, ಒಂದು ಮಾತು ಹೇಳಿದ್ದಕ್ಕೆ ಕಾಫಿ ಬಿಟ್ಟಳು. ಮೂಡಿಗೆರೆ ಸೀಮೆಯಲ್ಲಿ, ಕಾಫಿ ಬೆಳೆಯುವವರ ಮನೆಯಲ್ಲಿ.

ಷಡ್ಡಕರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಪುಸ್ತಕ ಓದಿ ಹೋಮಿಯೋಪಥಿ ಕಲಿತವರು. ಭಾನುವಾರ ಜಾವಳಿ ಊರಿನ ಅವರ ಮನೆಯ ಜಗಲಿಯಲ್ಲಿ ಜನ ಕಾಯುತ್ತಾರೆ. ಯಾರು ಏನು ಹೇಳಿಕೊಂಡರೂ ಮೆಲ್ಲಗೆ ತಲೆಯಾಡಿಸುತ್ತ ಕೊನೆಯವರೆಗೂ ಕೇಳುತ್ತಾರೆ. ನನಗಾದರೆ ಕೇಳುವ ನಡುವೆ ಗೇಟು ಹಾಕಿದೆನೋ ಇಲ್ಲವೋ ಎಂದು ಅನುಮಾನ ಬಂದು ಎದ್ದು ಹೋಗಬೇಕಾಗುತ್ತದೆ.

ಹೆಂಡತಿಗೆ ಹಳೆಯ ಉಬ್ಬಸ. ದಿನವೂ ಇನ್ಹೇಲರ್ ಎಳೆದುಕೊಳ್ಳಬೇಕು.

"ಅದ್ರಲ್ಲಿ ಸ್ಟೀರಾಯ್ಡ್ ಇದೆಯಮ್ಮ. ನಿಧಾನಕ್ಕೆ ಬಿಡು. ಈ ಗುಳಿಗೆ ತಗೋ, ಬೇರು ಸಮೇತ ಹೋಗುತ್ತೆ. ಕಾಫಿ ಮಾತ್ರ ಮುಟ್ಬಾರ್ದು, ಮದ್ದಿನ ಗುಣ ಕೆಡುತ್ತೆ," ಎಂದರು ಷಡ್ಡಕರು.

ಅವಳು ಎರಡನ್ನೂ ಅಂದೇ ಬಿಟ್ಟಳು.

ಬೆಳಗಿನ ಕಾಫಿಯನ್ನು ಅಡುಗೆಮನೆಯ ಹಿಂದಿನ ಮೆಟ್ಟಿಲ ಮೇಲೆ ಇಬ್ಬರೂ ಕೂತು ಕುಡಿಯುವುದು ಮದುವೆಯಾದಾಗಿನಿಂದ ನಮ್ಮ ಪದ್ಧತಿ. ಈಗ ಅವಳು ಒಳಗೇ ನಿಂತು, ಗುಳಿಗೆಗಳನ್ನು ಕೈ ತಾಗಿಸದೆ ಶೀಶೆಯ ಮುಚ್ಚಳಕ್ಕೆ ಉದುರಿಸಿ, ನಾಲಿಗೆಗೆ ಸುರಿದುಕೊಂಡು, ಕಣ್ಣು ಮುಚ್ಚಿ ಚೀಪುತ್ತಿದ್ದಳು. ಆ ಮುಖದ ನೆಮ್ಮದಿ ನೋಡಿ ನನ್ನ ಹೊಟ್ಟೆ ಉರಿಯುತ್ತಿತ್ತು. ಇಷ್ಟು ವರ್ಷದಲ್ಲಿ ನನ್ನ ಯಾವ ಮಾತೂ ಅವಳಿಗೆ ಅಂಥ ಮುಖ ತಂದಿದ್ದಿಲ್ಲ.

"ಇನ್ಹೇಲರ್ ಬಿಡ್ಬೇಡ ಕಣೆ."

"ನಿಮಗೆ ಭಾವನ್ನ ಕಂಡ್ರೆ ಆಗಲ್ಲ, ಅಷ್ಟೇ."

ನಿಜವಿತ್ತು, ಅದೇ ತೊಂದರೆ. ಸದಾ ಹೆದರುವವನೆಂದು ನನ್ನ ಎಚ್ಚರಿಕೆಗೆ ಮನೆಯಲ್ಲಿ ಮೊದಲೇ ಬೆಲೆಯಿಲ್ಲ. ಹೊಟ್ಟೆಕಿಚ್ಚೂ ಸೇರಿಕೊಂಡ ಮೇಲೆ ನನ್ನ ಮಾತನ್ನು ನಾನೇ ನಂಬದಾದೆ.

ಹೂಮಳೆ ಬಿದ್ದು ಕಾಫಿ ತೋಟ ಬೆಳ್ಳಗೆ ಅರಳಿತು. ಪ್ರತಿವರ್ಷ ಆಗಲೇ ಅವಳ ಎದೆ ಬಿಗಿಯುವುದು. ಸುಂಯ್ಯೆನ್ನುವ ಸದ್ದು ಶುರುವಾಯಿತು. ಷಡ್ಡಕರಿಗೆ ಫೋನ್ ಮಾಡಿದೆ.

"ಮೊದ್ಲು ಸ್ವಲ್ಪ ಜಾಸ್ತಿ ಆಗ್ಬೇಕು ಮಾರಾಯ. ಮದ್ದು ಹಿಡೀತಿದೆ ಅಂತ ಅರ್ಥ. ಮನೇಲಿ ಕಾಫಿ ವಾಸನೆ ಏನಾದ್ರೂ ಇದೆಯಾ?"

ಕಾಫಿಪುಡಿಯ ಡಬ್ಬಿ ಗೋಡೌನಿಗೆ ಹೋಯಿತು. ಲೋಟದ ಸಮೇತ ನಾನು ಕಾಫಿ ಒಣಗಿಸುವ ಕಣಕ್ಕೆ ಗಡೀಪಾರಾದೆ. ಆಸ್ಪತ್ರೆಗೆ ಹೋಗಬೇಕಾದವಳು ಮನೆಯಲ್ಲೇ ಉಳಿದಳು.

ಒಂದು ಬೆಳಿಗ್ಗೆ ಕಣದಿಂದ ನೋಡಿದರೆ ಅವಳು ಮೆಟ್ಟಿಲ ಮೇಲೆ ಮೊಣಕಾಲು ಹಿಡಿದು ಕೂತಿದ್ದಳು. ಓಡಿದೆ. ಮಾತು ಪೂರ್ತಿ ಹೊರಡುತ್ತಿರಲಿಲ್ಲ.

"ಭಾವಂಗೆ... ಫೋನ್..."

ಹೇಳಲು ನಾಚಿಕೆ, ಆಗಲೂ ನನಗೆ ಚುರುಕ್ಕೆಂದಿತು. ಉಸಿರು ಸಿಕ್ಕಿಕೊಂಡಾಗ ಎಳೆದುಕೊಳ್ಳುವ ಇನ್ಹೇಲರ್ ನನ್ನ ಜೇಬಿನಲ್ಲೇ ಇತ್ತು. ಹೆದರುವವನ ಜೇಬಿನಲ್ಲಿ ಇಂಥವು ಇರುತ್ತವೆ. ಅದನ್ನು ಬಾಯಿಗೆ ಹಿಡಿದು, ಜೀಪಿಗೆ ಹತ್ತಿಸಿ, ಮೂಡಿಗೆರೆ ಆಸ್ಪತ್ರೆಗೆ ಒಯ್ದೆ.

ಮಾಸ್ಕ್ ಹಾಕಿ ಉಸಿರು ತಹಬಂದಿಗೆ ಬಂದ ಮೇಲೆ ಡಾಕ್ಟರಮ್ಮ ಅವಳು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಗುಳಿಗೆಯ ಶೀಶೆಯನ್ನು ತಿರುಗಿಸಿ ನೋಡಿದರು. "ಈ ಸಕ್ಕರೆ ಗುಳಿಗೆ ನಿಮ್ಗೇನೂ ಮಾಡಿಲ್ಲಮ್ಮ. ಇದನ್ನ ನಂಬಿ ಇನ್ಹೇಲರ್ ಬಿಟ್ರಲ್ಲ, ಅದು ಮಾಡಿದ್ದು. ಉಬ್ಬಸ ಜಾಸ್ತಿ ಆಗೋದು ಯಾವತ್ತೂ ಗುಣದ ಲಕ್ಷಣ ಅಲ್ಲ. ಇನ್ನೂ ಕಾದಿದ್ರೆ ಕಷ್ಟ ಇತ್ತು."

ಷಡ್ಡಕರು ಮಧ್ಯಾಹ್ನ ಬಂದರು. ಮುಖದಲ್ಲಿ ರಕ್ತವಿರಲಿಲ್ಲ. ಮಂಚದ ಪಕ್ಕದಲ್ಲಿದ್ದ ಶೀಶೆಯನ್ನು ಎತ್ತಿ ಜೇಬಿಗೆ ಹಾಕಿಕೊಂಡರು.

"ನೀವು ಒಳ್ಳೇದಕ್ಕೇ ಹೇಳಿದ್ದಲ್ವಾ ಭಾವ," ಎಂದು ಅವಳೇ ಸಮಾಧಾನ ಮಾಡಿದಳು. ಬೆಳಗಿನಿಂದ ಹನಿ ನೀರು ಕುಡಿಯದೆ ಕೂತಿದ್ದ ನನ್ನ ಕಡೆ ತಿರುಗಿ, ಅಂಗಿಯ ಗುಂಡಿ ತಪ್ಪಿ ಹಾಕಿದ್ದೀರಿ ಎಂದಳು.

ಮನೆಗೆ ಬಂದ ಮರುದಿನ ಇನ್ಹೇಲರ್ ಎಳೆದುಕೊಂಡು, ಬಾಯಿ ಮುಕ್ಕಳಿಸಿ, ಎರಡು ಲೋಟ ಹಿಡಿದು ಮೆಟ್ಟಿಲಿಗೆ ಬಂದಳು.

"ಡಾಕ್ಟರಮ್ಮ ಹೇಳಿದ್ರು, ನಮ್ಮಷ್ಟಕ್ಕೆ ನಾವೇ ಇನ್ಹೇಲರ್ ಬಿಡ್ಬಾರ್ದಂತೆ. ಎಷ್ಟು ಚೆನ್ನಾಗಿ ಬಿಡಿಸಿ ಹೇಳ್ತಾರೆ ಗೊತ್ತಾ?"

"ಹೌದಾ," ಎಂದೆ. ಪಕ್ಕದಲ್ಲಿ ಅವಳ ಉಸಿರು ಸದ್ದಿಲ್ಲದೆ ಹೋಗಿಬರುತ್ತಿತ್ತು. ಅದನ್ನು ಕೇಳುತ್ತ, ಡಾಕ್ಟರಮ್ಮನ ಮೇಲೆ ಹೊಟ್ಟೆಕಿಚ್ಚು ಪಡುತ್ತ, ಕಾಫಿ ಕುಡಿದೆ.