ಒನಕೆಯ ಪೆನ್ನು

ಮೊಮ್ಮಗಳು ಉಗುರಿನ ಮೇಲೆ ಉಗುರು ಅಂಟಿಸಿಕೊಳ್ಳುತ್ತಿದ್ದಾಳೆ. ದೇವರು ಕೊಟ್ಟದ್ದು ಸಾಲಲಿಲ್ಲವಂತೆ. ಆ ಅಂಟಿನ ಘಾಟು ಮೂಗಿಗೆ ಹೊಡೆದದ್ದೇ ತಡ, ನನಗೆ ನಮ್ಮತ್ತೆಯ ಒನಕೆ ನೆನಪಾಯಿತು. ಸಂಬಂಧ ಇದೆ, ತಾಳಿ. ಫೋನಿನಲ್ಲಿ ಟೈಪ್ ಮಾಡಲು ಈಗಷ್ಟೇ ಕಲಿತವಳು ನಾನು. ಒಂದೇ ಬೆರಳು ಎಲ್ಲ ಅಕ್ಷರಕ್ಕೂ ಓಡಬೇಕು.

ನಮ್ಮ ಯಜಮಾನರು ಪೀಣ್ಯದಲ್ಲಿ ಲೇತಿನ ಮುಂದೆ ನಿಂತು ಕಬ್ಬಿಣ ಕಡೆದವರು. ರಿಟೈರಾದ ಮೇಲೆ ಮಾದನಾಯಕನಹಳ್ಳಿಯ ಮನೆ ಹಿಂದೆ ಪುಟ್ಟ ಲೇತು ಇಟ್ಟುಕೊಂಡು ಮರದ ಪೆನ್ನು ಕಡೆಯತೊಡಗಿದರು. ಮನೆಯಲ್ಲಿ ಬರೆಯುವವರಿರಲಿಲ್ಲ, ಪೆನ್ನು ಮಾತ್ರ ಬೇಕಾದಷ್ಟಿದ್ದವು.

ಒಂದು ದಿನ ವರ್ತೂರಿನಿಂದ ಅವರಕ್ಕ ಮುನಿಯಮ್ಮ ಬಂದರು. ಕೈಯಲ್ಲಿ ಗೇಣುದ್ದದ ಮರದ ತುಂಡು. ನಮ್ಮತ್ತೆ ಭತ್ತ ಕುಟ್ಟುತ್ತಿದ್ದ ಒನಕೆಯಲ್ಲಿ ಗೆದ್ದಲು ತಿನ್ನದೆ ಬಿಟ್ಟದ್ದು ಅಷ್ಟೇ.

"ರುಜು ಆಕೋದ್ ಕಲ್ತಿವ್ನಿ ಕಣ್ಲಾ. ಇನ್ಮೇಲೆ ಎಬ್ಬೆಟ್ಟು ಒತ್ತಾಕಿಲ್ಲ. ಅವ್ವನ ಒನಕೇಲಿ ಒಂದ್ ಪೆನ್ ಮಾಡ್ಕೊಡು. ಕೆಡ್ಸಿದ್ರೆ ನಿನ್ ಒಸ್ಲು ತುಳಿಯಾಕಿಲ್ಲ."

ತಮಾಷೆಯಲ್ಲ. ಒಂದು ಹಲಸಿನ ಹಣ್ಣಿಗಾಗಿ ಒಡಹುಟ್ಟಿದ ತಂಗಿಯ ಜೊತೆ ಮಾತು ಬಿಟ್ಟ ಹೆಂಗಸು.

ಯಜಮಾನರು ಕೆಡಿಸಿದರು.

ಪೆನ್ನಿನ ಬರೆಯುವ ತುದಿಗೆ ಹಿತ್ತಾಳೆ ಬಳೆ ಬರುತ್ತದೆ. ಮರವೂ ಬಳೆಯೂ ಒಂದೇ ಮಟ್ಟಕ್ಕೆ ಸೇರಬೇಕು. ಇವರು ಮೊದಲು ಬಳೆಯ ಅಳತೆಗೆ ಸರಿಯಾಗಿ ಕಡೆದು, ಆಮೇಲೆ ಸ್ಯಾಂಡ್ ಪೇಪರ್ ಹಿಡಿದರು. ಕಬ್ಬಿಣ ಉಜ್ಜಿದರೆ ಹೊಳೆಯುತ್ತದೆ, ಮರ ಉಜ್ಜಿದರೆ ಸವೆಯುತ್ತದೆ. ಉಜ್ಜುವುದಕ್ಕೆಂದು ಒಂದಿಷ್ಟು ದಪ್ಪ ಬಿಡಬೇಕಿತ್ತು. ನಾನು ಮರದ ಮೇಲೆ ಹೆಬ್ಬೆರಳ ಉಗುರು ಎಳೆದು ನೋಡಿದೆ. ಬಳೆಗೆ ಟಕ್ಕೆಂದು ತಗುಲಿತು.

"ಮರ ತಗ್ಗಾಗಿ ಮೆಟ್ಲಿದೆ" ಅಂದೆ.

"ಯಾರಿಗ್ ಕಾಣತ್ತೆ ಬಿಡೇ."

"ಕಾಣೋದ್ ಬೇಡ. ಇಷ್ಟ್ ವರ್ಷ ಹೆಬ್ಬೆಟ್ಟಲ್ಲೇ ವ್ಯವಹಾರ ಮಾಡಿದೋರು ಅವ್ರು. ಮುಟ್ಟಿದ್ ತಕ್ಷಣ ಗೊತ್ತಾಗತ್ತೆ."

ಇದೇ ಘಾಟಿನ ಅಂಟಿಗೆ ಆ ಮರದ ಪುಡಿ ಬೆರೆಸಿ ತಗ್ಗು ತುಂಬಬಹುದು ಅಂದರು. ಆದರೆ ಪುಡಿಯನ್ನು ನಾನು ಬೆಳಿಗ್ಗೆಯೇ ಗುಡಿಸಿ ಕರಿಬೇವಿನ ಕುಂಡಕ್ಕೆ ಹಾಕಿದ್ದೆ. ಮೇಲಿನ ಪುಡಿ ಕೆರೆದು ತಂದು ಜರಡಿ ಹಿಡಿದೆ.

"ಅದು ಟೀ ಸೋಸೋದಲ್ವೇನೇ?"

"ನಿಮ್ಮಕ್ಕಂಗೆ ಇದ್ರಲ್ಲೇ ಟೀ ಕೊಡ್ತೀನಿ."

ಮೊದಲ ಸಲ ಒಟ್ಟಿಗೇ ದಪ್ಪಗೆ ಬಳಿದರು. ಮೇಲೆ ಒಣಗಿತು, ಒಳಗೆ ಹಸಿ. ಉಜ್ಜಿದಾಗ ಹಪ್ಪಳದಂತೆ ಎದ್ದು ಬಂತು. "ಗೋಡೆಗೆ ಸುಣ್ಣ ಹೊಡೆಯೋ ಹಾಗೆ ತೆಳ್ಳಗೆ ಹೊಡೀರಿ, ಒಣಗ್ಲಿ, ಮತ್ತೆ ಹೊಡೀರಿ" ಅಂದೆ. ಬಳಿದರು, ಕಾದರು, ಬಳಿದರು. ಕಾಯುವುದು ಅವರಿಗೆ ಬಾರದ ಕಸುಬು. ತಗ್ಗು ತುಂಬಿ ಬಳೆಗಿಂತ ಕೂದಲಷ್ಟು ಮೇಲೆ ಬಂದ ನಂತರ, ಈ ಸಲ ಉಸಿರು ಬಿಗಿಹಿಡಿದು ಉಜ್ಜಿದರು.

ಭಾನುವಾರ ಮುನಿಯಮ್ಮ ಪೆನ್ನಿನ ಉದ್ದಕ್ಕೂ ಹೆಬ್ಬೆಟ್ಟು ಎಳೆದರು. ಎಲ್ಲೂ ನಿಲ್ಲಲಿಲ್ಲ.

"ಅವ್ವನ ಒನಕೆ ಇಂಗ್ ನುಣ್ಣಗಿರ್ನಿಲ್ಲ ಕಣ್ಲಾ" ಅಂದು, ನಮ್ಮ ಕ್ಯಾಲೆಂಡರಿನ ಮೇಲೇ ರುಜು ಹಾಕಿದರು. ಟೀ ಚೆನ್ನಾಗಿದೆ ಅಂತಲೂ ಅಂದರು. ಅಂದಿನಿಂದ ಗ್ಯಾಸಿನ ಚೀಟಿ, ಮದುವೆ ಪತ್ರಿಕೆ, ಸಿಕ್ಕಿದ್ದಕ್ಕೆಲ್ಲ ಅವರ ರುಜು.

ಹೋದ ವರ್ಷ ಮುನಿಯಮ್ಮ ತೀರಿಕೊಂಡರು. ಪೆನ್ನು ನಮ್ಮ ಮನೆಗೇ ಬಂತು.

ಮೊಮ್ಮಗಳು ಅಂಟಿಸಿದ ಒಂದು ಉಗುರು ಕಿತ್ತು ಬಂದಿದೆ. ದಪ್ಪಗೆ ಬಳಿದಿದ್ದಾಳೆ, ಅಜ್ಜನದೇ ರಕ್ತ. "ತೆಳ್ಳಗೆ ಹಚ್ಚೇ" ಅಂದು, ಎದ್ದು ಹೋಗಿ ಪೆನ್ನು ತಂದು ಹೆಬ್ಬೆಟ್ಟು ಎಳೆದೆ. ಹಿಡಿಯುವ ಜಾಗದಲ್ಲಿ, ನಾವು ತುಂಬಿದ್ದಲ್ಲೇ, ಸಣ್ಣ ತಗ್ಗು. ರುಜು ಹಾಕಿ ಹಾಕಿ ಮುನಿಯಮ್ಮನ ಹೆಬ್ಬೆಟ್ಟು ಸವೆಸಿದ್ದು.

ಯಜಮಾನರೂ ಮುಟ್ಟಿ ನೋಡಿದರು. "ಅಂಟಿದ್ಯಲ್ಲ, ತುಂಬ್ಬಿಡ್ಲಾ?" ಅಂದರು.

"ಸುಮ್ನಿರಿ" ಅಂದೆ. "ಅಳತೆ ಈಗ ಸರಿಯಾಗಿದೆ."